ಕ್ಯಾಸೆಟ್ ತುರುಕಿದವರು ಯಾರು?

ಓದುಗರ ಪ್ರಶ್ನೆ, ಅಂಗಡಿಯವನ ಉತ್ತರ

ಹೋದ ಸಂಚಿಕೆಯಲ್ಲಿ ಮನುಷ್ಯನ ಹೊಟ್ಟೆಗೆ ವಿಡಿಯೋ ಕ್ಯಾಸೆಟ್ ತುರುಕುವ ಒಂದು ಹಳೇ ಕೆನಡಾ ಸಿನಿಮಾದ ಬಗ್ಗೆ ಎರಡೇ ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳ ಕಟ್ಟನ್ನು ಸಂಪಾದಕರು ನನ್ನ ಮುಂದೆ ಇಟ್ಟು, ‘ನೀವೇ ಹಚ್ಚಿದ ಬೆಂಕಿ, ನೀವೇ ಆರಿಸ್ರಿ’ ಅಂದರು. ಹೀಗಾಗಿ ಹಳೇ ಹಾಡು, ಹಳೇ ನಟಿಯರ ಪ್ರಶ್ನೆಗಳೆಲ್ಲ ಮುಂದಿನ ಸಲಕ್ಕೆ. ಹೊಸ ಓದುಗರಿಗೆ ಒಂದು ಮಾತು: ನಾನು ವಿಮರ್ಶಕನಲ್ಲ. 1986ರಿಂದ ಹದಿನಾಲ್ಕು ವರ್ಷ ರಾಯಚೂರಿನ ತೀನ್ ಕಂದೀಲಿನ ಹತ್ತಿರದ ಓಣಿಯಲ್ಲಿ ವಿಡಿಯೋ ಲೈಬ್ರರಿ ಇಟ್ಟಿದ್ದವನು, ಅದರ ಹಿಂದಿನ ಕೋಣೆಯಲ್ಲಿ ಟಿ.ವಿ. ರಿಪೇರಿ ಮಾಡುತ್ತಿದ್ದವನು. ನನ್ನ ಉತ್ತರಗಳಲ್ಲಿ ಸೋಲ್ಡರಿಂಗ್ ವಾಸನೆ ಬಂದರೆ ಕ್ಷಮಿಸಿ.

ಪ್ರಶ್ನೆ: ಮಗ ಪಿ.ಯು.ಸಿ. ಎರಡನೇ ವರ್ಷ. ರಾತ್ರಿ ಮೊಬೈಲಿನಲ್ಲಿ ಮೈ ಕರಗುವ, ಚರ್ಮ ಸೀಳಿ ಏನೇನೋ ಹೊರಬರುವ ಇಂಗ್ಲಿಷ್ ಸಿನಿಮಾ ನೋಡುತ್ತಾನೆ. ಊಟಕ್ಕೆ ಕೂತಾಗ ಅದನ್ನೇ ನಗುತ್ತ ಹೇಳುತ್ತಾನೆ. ‘ಇದು ಒಮ್ಮೆ ತಲ್ಯಾಗ ಹೊಕ್ಕರ ಬಿಡಂಗಿಲ್ಲ, ನಾಳೆ ಇವನೂ ಯಾರಿಗರ ಏನರ ಮಾಡ್ತಾನ’ ಅಂತ ನನ್ನ ಮೈದುನ ಹೆದರಿಸಿದ್ದಾರೆ. ಮೊಬೈಲ್ ಕಸಿದುಕೊಳ್ಳಲೇ? ನೀವು ಬರೆದ ಸಿನಿಮಾವೂ ಅಂಥದ್ದೇ ಏನು?
— ಒಬ್ಬ ತಾಯಿ, ಸಿಂಧನೂರು

ಉತ್ತರ: ಅಕ್ಕಾ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಹೌದು, ಅಂಥದ್ದೇ. ಸಿನಿಮಾದ ಹೆಸರು ‘ವಿಡಿಯೋಡ್ರೋಮ್’, 1983ರದ್ದು, ಮಾಡಿದವರು ಟೊರಾಂಟೊದ ಡೇವಿಡ್ ಕ್ರೋನೆನ್‌ಬರ್ಗ್. ಈ ಜಾತಿಗೆ ‘ಬಾಡಿ ಹಾರರ್’ ಅನ್ನುತ್ತಾರೆ. ಆ ಹೆಸರೂ ಅದೇ ವರ್ಷದ್ದು, ಆಸ್ಟ್ರೇಲಿಯಾದ ಫಿಲಿಪ್ ಬ್ರೋಫಿ ಬರೆದ ಲೇಖನದಿಂದ ಬಂದದ್ದು. ದೆವ್ವದ ಸಿನಿಮಾದಲ್ಲಿ ಭಯ ಹೊರಗಿನಿಂದ ಬರುತ್ತದೆ. ಕದ ಹಾಕಿ ಚಿಲಕ ಜಡಿದರೆ ಉಳಿದೇವು ಎಂಬ ಆಸೆಯಾದರೂ ಇರುತ್ತದೆ. ಇದರಲ್ಲಿ ಕದ ಹಾಕಿಕೊಂಡವನ ಮೈಯೇ ಅವನಿಗೆ ಕೈ ಕೊಡುತ್ತದೆ. ಉಗುರು ಕಳಚಿ ಬರುತ್ತದೆ, ಹಲ್ಲು ಉದುರುತ್ತದೆ, ನಿನ್ನೆ ಇಲ್ಲದ ಗಂಟು ಇವತ್ತು ಬಗಲಲ್ಲಿ. ಮನೆಯಲ್ಲಿ ದೊಡ್ಡ ಕಾಯಿಲೆ ಕಂಡವರಿಗೆ ಈ ಭಯವನ್ನು ಬಿಡಿಸಿ ಹೇಳಬೇಕಿಲ್ಲ. ಹದಿನೇಳರ ಹುಡುಗನಿಗೂ ಬೇಕಿಲ್ಲ. ಮೀಸೆ, ಮೊಡವೆ, ಒಡೆದ ದನಿ, ಎಲ್ಲ ಅವನನ್ನು ಕೇಳದೇ ಬಂದು ಕೂತಿರುತ್ತವೆ. ಅಂಥವನಿಗೆ ಇಂಥ ಸಿನಿಮಾ ಹಿಡಿಸಿದರೆ ನನಗೇನೂ ಆಶ್ಚರ್ಯವಿಲ್ಲ.

ಇನ್ನು ಕಥೆ. ಮ್ಯಾಕ್ಸ್ ರೆನ್ ಎಂಬಾತ ಟೊರಾಂಟೊದಲ್ಲಿ ಒಂದು ಸಣ್ಣ ಟಿ.ವಿ. ಚಾನೆಲ್ ನಡೆಸುತ್ತಾನೆ, 83ನೇ ನಂಬರಿನದು. ದೊಡ್ಡ ಚಾನೆಲ್‌ಗಳ ನಡುವೆ ಹೊಟ್ಟೆ ಹೊರೆಯಬೇಕಲ್ಲ, ಅವರು ತೋರಿಸಲಾರದ್ದನ್ನು ಹುಡುಕಿ ತೋರಿಸುವುದೇ ಅವನ ದಂಧೆ. ನನ್ನ ದಂಧೆಯೂ ಇದಕ್ಕಿಂತ ಬಹಳ ಬೇರೆ ಇರಲಿಲ್ಲ, ಇರಲಿ. ಅವನ ಮೆಕ್ಯಾನಿಕ್ ಒಂದು ಕಳ್ಳ ಸಿಗ್ನಲ್ ಹಿಡಿಯುತ್ತಾನೆ. ಅದರಲ್ಲಿ ಕಥೆಯಿಲ್ಲ, ಪಾತ್ರವಿಲ್ಲ. ಕೆಮ್ಮಣ್ಣಿನ ಗೋಡೆಯ ಕೋಣೆಯಲ್ಲಿ ಜನರನ್ನು ಹಿಂಸಿಸುತ್ತಾರೆ, ಅಷ್ಟೇ. ಮ್ಯಾಕ್ಸನಿಗೆ ಅದು ಬೇಕು. ನೋಡುತ್ತ ನೋಡುತ್ತ ಆ ಸಿಗ್ನಲ್ಲಿನಿಂದಲೇ ಅವನ ಮಿದುಳಲ್ಲಿ ಗಡ್ಡೆ ಬೆಳೆಯುತ್ತದೆ. ಕಂಡದ್ದು ನಿಜವೋ ಭ್ರಮೆಯೋ ತಿಳಿಯದಾಗುತ್ತದೆ. ಮನೆಯ ಟಿ.ವಿ. ಉಸಿರಾಡುತ್ತದೆ, ಅದರ ಮೈಮೇಲೆ ನರ ಏಳುತ್ತವೆ. ಹೊಟ್ಟೆಯಲ್ಲಿ ಉದ್ದಕ್ಕೆ ಒಂದು ಸೀಳು ಬಾಯಿ ಬಿಡುತ್ತದೆ. ಅದರೊಳಗೆ ಕ್ಯಾಸೆಟ್ ಹಾಕಿದರೆ ಮುಗಿಯಿತು, ಅದು ಹೇಳಿದಂತೆ ಇವನು ಕುಣಿಯುತ್ತಾನೆ.

ಇಷ್ಟಕ್ಕೇ ನಿಲ್ಲಿಸಿದರೆ ನಿಮ್ಮ ಮೈದುನರು ‘ನಾ ಹೇಳಿದ್ದಿಲ್ಲೇನು’ ಅಂದಾರು. ಆದರೆ ಆ ಸಿಗ್ನಲ್ ಬಿಟ್ಟವರು ಹೊಲಸು ಮಾರುವವರಲ್ಲ. ಅದೊಂದು ಕನ್ನಡಕದ ಕಂಪನಿ. ಕ್ಷಿಪಣಿಗೂ ಸಾಮಾನು ಮಾಡಿಕೊಡುತ್ತದೆ. ದೇಶ ಮೆತ್ತಗಾಗಿದೆ, ಇಂಥದ್ದನ್ನು ಆಸೆಪಟ್ಟು ನೋಡುವವರಿಗೆ ನೋಡಿದ್ದರಿಂದಲೇ ರೋಗ ಬರಿಸಿ ಮುಗಿಸೋಣ ಎಂಬುದು ಅವರ ಲೆಕ್ಕ. ಖಳನಾಯಕ ಸಮಾಜ ಶುದ್ಧಿಗೆ ಹೊರಟ ಮನುಷ್ಯ, ತಿಳಿಯಿತಲ್ಲ? ಮ್ಯಾಕ್ಸನ ಹೊಟ್ಟೆಗೆ ಕ್ಯಾಸೆಟ್ ತುರುಕುವವನೂ ಅವನೇ. ಆಮೇಲೆ ಎದುರು ಬಣದ ಹೆಣ್ಣುಮಗಳು ಬಂದು ಅದೇ ಮ್ಯಾಕ್ಸನನ್ನು ತನ್ನ ಕಡೆ ತಿರುಗಿಸಿಕೊಳ್ಳುತ್ತಾಳೆ. ಈಗ ಹೋಗಿ ಅವರನ್ನು ಕೊಲ್ಲು ಅನ್ನುತ್ತಾಳೆ. ಕೊನೆಯವರೆಗೂ ಆ ಬಡಪಾಯಿಯ ಕೈಗೆ ರಿಮೋಟ್ ಸಿಗುವುದಿಲ್ಲ. ನಲವತ್ತು ವರ್ಷದಿಂದ ಜನ ಆ ಹೊಟ್ಟೆಯ ಸೀಳನ್ನೇ ಮಾತಾಡುತ್ತಾರೆ. ಒಳಗೆ ಹೋದ ಕೈ ಯಾರದು ಅಂತ ಕೇಳುವವರು ಕಡಿಮೆ.

ಇದನ್ನು ನಾನು ಮೊದಲು ನೋಡಿದ್ದು 1989ರ ಬೇಸಿಗೆಯಲ್ಲಿ. ಹೈದರಾಬಾದಿನಿಂದ ಬಂದ ಕಟ್ಟಿನಲ್ಲಿ, ಕರಾಟೆ ಸಿನಿಮಾದ ಲೇಬಲ್ ಹಚ್ಚಿದ ಕ್ಯಾಸೆಟ್. ಕಾಪಿಯ ಕಾಪಿಯ ಕಾಪಿ ಅದು. ಕೆಂಪು ಬಣ್ಣ ಮುಖದಿಂದ ಹರಿದು ಗೋಡೆಗೆ ಮೆತ್ತಿಕೊಂಡಿತ್ತು. ಕರಾಟೆ ಅಂತಲೇ ಹಿಂದಿನ ಕೋಣೆಯಲ್ಲಿ ಹಾಕಿದೆ. ಎರಡು ರೂಪಾಯಿ ಕೊಟ್ಟ ಹನ್ನೆರಡು ಮಂದಿ ಚಾಪೆಯ ಮೇಲೆ. ಅದರಲ್ಲಿ ಪಕ್ಕದ ಓಣಿಯ ಹತ್ತು ವರ್ಷದ ಹುಡುಗನೂ ಒಬ್ಬ. ವಯಸ್ಸು ಕೇಳುವ ಪದ್ಧತಿ ನನ್ನಲ್ಲಿ ಇರಲಿಲ್ಲ, ರೊಕ್ಕ ಕೇಳುವುದಿತ್ತು. ಪರದೆಯ ಮೇಲಿನ ಟಿ.ವಿ. ಉಬ್ಬಿ ಉಸಿರು ಬಿಡುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಶಕ್ತಿನಗರದಲ್ಲಿ ಕರೆಂಟ್ ಹುಟ್ಟಲು ಶುರುವಾಗಿ ಆಗಲೇ ನಾಲ್ಕು ವರ್ಷ. ಪಕ್ಕದ ನಮ್ಮೂರಲ್ಲಿ ನಿಲ್ಲುವ ಅಭ್ಯಾಸ ಮಾತ್ರ ಅದಕ್ಕಿನ್ನೂ ಆಗಿರಲಿಲ್ಲ.

ಎರಡು ದಿನಕ್ಕೆ ಆ ಹುಡುಗನಿಗೆ ಕೆಂಡದಂಥ ಜ್ವರ. ‘ಟಿ.ವಿ. ಉಸ್ರಾಡ್ತದ, ಬಂದ್ ಮಾಡ್ರಿ, ಬಂದ್ ಮಾಡ್ರಿ’ ಅಂತ ರಾತ್ರಿಯೆಲ್ಲ ಬಡಬಡಿಸಿದ. ಅವನ ಅಜ್ಜಿ ನನ್ನ ಅಂಗಡಿ ಮುಂದೆ ನಿಂತು ಎರಡೂ ಕೈಯಿಂದ ಮಣ್ಣು ತೂರಿದಳು. ‘ನಿನ್ನ ಡಬ್ಬಿ ನನ್ನ ಮೊಮ್ಮಗನ ಮೈಯಾಗ ಹೊಕ್ಕದ, ತಗಿ ಅದನ್ನ!’ ಓಣಿಯ ಹಿರಿಯರು ಬಂದು ಶಟರ್ ಎಳೆಸಿದರು. ತಾಯತ ಕಟ್ಟಿಸಿದ್ದಾಯಿತು, ದೃಷ್ಟಿ ತೆಗೆಸಿದ್ದಾಯಿತು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಮಲೇರಿಯಾ. ಗುಳಿಗೆ ನುಂಗಿದ, ಎದ್ದು ಕೂತ. ನಾನು ವಾರದ ಮೇಲೆ ಅಂಗಡಿ ತೆರೆದೆ. ಅಜ್ಜಿ ತಪ್ಪಾಯಿತು ಅನ್ನಲಿಲ್ಲ, ನಾನೂ ಅನ್ನಿಸಿಕೊಳ್ಳಲು ಹೋಗಲಿಲ್ಲ. ಜ್ವರ ಸೊಳ್ಳೆಯದು ಖರೆ, ಆದರೆ ಬಡಬಡಿಕೆ ನನ್ನ ಕ್ಯಾಸೆಟ್ಟಿನದೇ ಅಲ್ಲವೇ? ಈ ಎರಡನ್ನೂ ಬೇರೆ ಮಾಡಿ ನೋಡಲು ನನಗೆ ವರ್ಷಗಳೇ ಹಿಡಿದವು.

ನಿಮ್ಮ ಮೈದುನರ ಮಾತಿಗೆ ಆಧಾರವೇ ಇಲ್ಲ ಅನ್ನಲಾರೆ. ಅಮೆರಿಕದಲ್ಲಿ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞ 1963ರಲ್ಲಿ, ದೊಡ್ಡವರು ಗಾಳಿ ತುಂಬಿದ ಗೊಂಬೆಯನ್ನು ಹೊಡೆಯುವ ಫಿಲ್ಮನ್ನು ಸಣ್ಣ ಮಕ್ಕಳಿಗೆ ತೋರಿಸಿದ. ಮಕ್ಕಳೂ ಹಾಗೇ ಹೊಡೆದವು. ಮಕ್ಕಳು ಕಂಡದ್ದನ್ನು ಮಾಡುತ್ತವೆ ಎಂಬುದು ಗಟ್ಟಿಯಾಯಿತು. ಆದರೆ ಹೊಡೆದರೆ ಬಿದ್ದು ಮತ್ತೆ ಎದ್ದು ನಿಲ್ಲುವ ಗೊಂಬೆ ಮಾಡಿದ್ದೇ ಹೊಡೆಯಲಿಕ್ಕೆ, ಅದನ್ನು ಹೊಡೆದವನು ತಮ್ಮನನ್ನೂ ಹೊಡೆದಾನು ಅಂತ ಅಲ್ಲಿಂದ ಹೇಳಲು ಬರುವುದಿಲ್ಲ. ಅದೂ ಅಲ್ಲದೆ ಆ ಮಕ್ಕಳು ಬಾಲವಾಡಿ ವಯಸ್ಸಿನವು, ನಿಮ್ಮವನಿಗೆ ಮೀಸೆ ಬಂದಿದೆ.

ಮಗ ಊಟಕ್ಕೆ ಕೂತು ನಗುತ್ತ ಹೇಳುತ್ತಾನೆ ಅಂದಿರಿ. ನನಗೆ ಸಮಾಧಾನ ಆದದ್ದು ಆ ಸಾಲಿಗೆ. ನನ್ನ ಓಣಿಯ ಹುಡುಗ ಯಾರಿಗೂ ಹೇಳಿರಲಿಲ್ಲ. ಎರಡು ರೂಪಾಯಿ ಅಪ್ಪನ ಅಂಗಿ ಜೇಬಿನದು. ಆದ್ದರಿಂದ ಮೊಬೈಲ್ ಕಸಿಯಬೇಡಿ. ರಾತ್ರಿ ಹನ್ನೊಂದಕ್ಕೆ ಮನೆಯ ಎಲ್ಲಾ ಫೋನು ಅಡುಗೆಮನೆಯ ಮಾಡದಲ್ಲಿ, ಮೈದುನರದೂ ಸೇರಿ. ನಿದ್ದೆಗೆಟ್ಟ ಹುಡುಗನ ಸಿಡಿಮಿಡಿಯನ್ನು ಎಷ್ಟೋ ಮನೆಯಲ್ಲಿ ಸಿನಿಮಾದ ಲೆಕ್ಕಕ್ಕೆ ಬರೆಯುತ್ತಾರೆ. ಇನ್ನೊಂದು, ಒಂದು ಮುಗಿದ ಕೂಡಲೇ ಮತ್ತೊಂದು ತಾನೇ ಶುರುವಾಗುತ್ತದಲ್ಲ, ಅದನ್ನು ಬಂದ್ ಮಾಡಲು ಅವನಿಗೇ ಹೇಳಿ. ನನ್ನ ಕಾಲದಲ್ಲಿ ಎದ್ದು, ಕ್ಯಾಸೆಟ್ ತೆಗೆದು, ರಿವೈಂಡ್ ಮಾಡಿ, ಇನ್ನೊಂದು ಹಾಕಬೇಕಿತ್ತು. ಆ ಐದು ನಿಮಿಷದಲ್ಲಿ ಅರ್ಧ ಮಂದಿ ಆಕಳಿಸಿ ಮನೆಗೆ ಹೋಗುತ್ತಿದ್ದರು. ಈಗ ಆ ಐದು ನಿಮಿಷವನ್ನು ಯಾರೋ ತಿಂದುಹಾಕಿದ್ದಾರೆ. ಹೊಟ್ಟೆಗೆ ತುರುಕುವ ಕೈ ಅಂದೆನಲ್ಲ, ನಾನಾದರೆ ಅದನ್ನು ಅಲ್ಲಿ ಹುಡುಕುತ್ತೇನೆ.

ಪ್ರಶ್ನೆ: ಇಂಥ ಕರುಳು-ಪಚ್ಚಿ ಸಿನಿಮಾ ನೋಡಿದ ಮೇಲೆ ನಿಮಗೆ ಊಟ ಸೇರುತ್ತದೆಯೇ?
— ಓದುಗ, ಗಂಗಾವತಿ

ಉತ್ತರ: ಭತ್ತದ ಕಣಜದಲ್ಲಿ ಕೂತು ಊಟ ಸೇರುವ ಪ್ರಶ್ನೆ ಕೇಳುತ್ತೀರಲ್ಲ! ಅನ್ನ ಸೇರುತ್ತದೆ. ಒಗ್ಗರಣಿ-ಮಿರ್ಚಿಯಂತೂ ಸಿನಿಮಾ ನಡೆಯುವಾಗಲೇ ಸೇರುತ್ತದೆ. ಖೀಮಾ ಮಾತ್ರ ಮರುದಿನಕ್ಕೆ.

ಪ್ರಶ್ನೆ: ಕ್ಯಾಸೆಟ್ ಅಂದರೆ ನಮಗೆಲ್ಲ ವಿ.ಎಚ್.ಎಸ್. ಆ ಸಿನಿಮಾದಲ್ಲಿ ಹೊಟ್ಟೆಗೆ ಹಾಕುವುದು ಬೇರೆ ತರಹದ್ದು. ಯಾಕೆ?
— ಎಲೆಕ್ಟ್ರಿಷಿಯನ್, ಮಸ್ಕಿ

ಉತ್ತರ: ಕಣ್ಣು ಚುರುಕಾಗಿದೆ. ಅದು ಬೀಟಾಮ್ಯಾಕ್ಸ್, ಆ ಕಾಲದಲ್ಲಿ ವಿ.ಎಚ್.ಎಸ್.ಗೆ ಎದುರಾಳಿಯಾಗಿದ್ದ ಕ್ಯಾಸೆಟ್. ವಿ.ಎಚ್.ಎಸ್. ಕ್ಯಾಸೆಟ್ 187 ಮಿ.ಮೀ. ಉದ್ದ, ಬೀಟಾ 156. ನಟ ಜೇಮ್ಸ್ ವುಡ್ಸ್ ಹೊಟ್ಟೆಗೆ ಅಂಟಿಸಿದ ರಬ್ಬರ್ ಸೀಳಿಗೆ ವಿ.ಎಚ್.ಎಸ್. ಹಿಡಿಸಲಿಲ್ಲ, ಬೀಟಾ ಹಿಡಿಸಿತು. ಅಂಗಡಿಯಲ್ಲಿ ಸೋತ ಬೀಟಾ ಮನುಷ್ಯನ ಹೊಟ್ಟೆಯಲ್ಲಿ ಗೆದ್ದಿತು! ನನ್ನ ಕಪಾಟಿನಲ್ಲಿ ಒಟ್ಟು ಹನ್ನೊಂದು ಬೀಟಾ ಇದ್ದವು, ಒಂದೂ ಬಾಡಿಗೆಗೆ ಹೋಗಲಿಲ್ಲ.

ಪ್ರಶ್ನೆ: ಇಂಥ ಬೀಭತ್ಸಗಳು ಪಶ್ಚಿಮದವರ ಹುಚ್ಚು. ನಮ್ಮ ಪರಂಪರೆಯಲ್ಲಿ ಇವಕ್ಕೆ ಜಾಗವೇ ಇರಲಿಲ್ಲ ಅಲ್ಲವೇ?
— ಓದುಗ, ಕೊಪ್ಪಳ

ಉತ್ತರ: ಅಲ್ಲ. ಬೀಭತ್ಸವನ್ನು ನವರಸದಲ್ಲಿ ಕೂರಿಸಿದವರು ನಾವು. ನಮ್ಮೂರ ಬಯಲಾಟದಲ್ಲಿ ಭೀಮ ದುಶ್ಯಾಸನನ ಎದೆ ಬಗೆಯುವುದು ಬೆಳಗಿನ ಜಾವ ನಾಲ್ಕಕ್ಕೆ. ಭೀಮನ ಬಾಯಿಂದ ಕುಂಕುಮದ ನೀರು ಗದ್ದದ ಮೇಲೆ ಇಳಿಯುತ್ತಿತ್ತು. ನಮ್ಮವ್ವ ನನ್ನ ಕಣ್ಣು ಮುಚ್ಚುತ್ತಿರಲಿಲ್ಲ. ನಿದ್ದೆ ಹೋದವನನ್ನು ಅದಕ್ಕೇ ಅಲುಗಿಸಿ ಎಬ್ಬಿಸುತ್ತಿದ್ದಳು. 1954ರ ‘ಬೇಡರ ಕಣ್ಣಪ್ಪ’, ರಾಜಕುಮಾರ್ ನಾಯಕರಾದ ಮೊದಲ ಸಿನಿಮಾ, ಶಿವರಾತ್ರಿಗೆ ನನ್ನಲ್ಲಿ ಅದಕ್ಕೆ ಪಾಳಿ ಹಚ್ಚಬೇಕಿತ್ತು. ಬೇಡ ತನ್ನ ಕಣ್ಣು ತಾನೇ ಕಿತ್ತು ಲಿಂಗಕ್ಕೆ ಇಡುತ್ತಾನೆ, ಎರಡನೆಯದನ್ನೂ ಕೀಳಲು ಹೋಗುತ್ತಾನೆ. ನೋಡಿದವರು ಅತ್ತರು, ಕೈ ಮುಗಿದರು; ವಾಂತಿ ಮಾಡಿಕೊಂಡವರನ್ನು ನಾನು ಕಂಡಿಲ್ಲ. ಕೊಟ್ಟು ಕಳೆದುಕೊಂಡ ಕಣ್ಣು ಬೇರೆ, ಕಸಿದು ಕಿತ್ತ ಕಣ್ಣು ಬೇರೆ. ಪಾಪ ಮ್ಯಾಕ್ಸನ ಹೊಟ್ಟೆಯನ್ನು ಯಾರೂ ಕೇಳಿ ಸೀಳಲಿಲ್ಲ.

ನಿಮ್ಮ ಜಿಲ್ಲೆಯದೇ ಇನ್ನೊಂದು ಮಾತು. ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ತೊಗಲುಗೊಂಬೆ ಆಟಕ್ಕೆ. ಆ ಗೊಂಬೆ ಅಂದರೆ ಏನು? ಆಡಿನ ತೊಗಲು. ಕೂದಲು ಹೆರೆದು, ಹದ ಮಾಡಿ, ಬೆಳಕು ದಾಟುವಷ್ಟು ತೆಳ್ಳಗೆ ಮಾಡಿ, ಬಣ್ಣ ತುಂಬಿ, ಹಿಂದೆ ದೀಪ ಇಟ್ಟರೆ ಸತ್ತ ಚರ್ಮದ ಮೇಲೆ ರಾಮ ನಡೆಯುತ್ತಾನೆ. ಇನ್ನು ‘ವಿಡಿಯೋಡ್ರೋಮ್’ನಲ್ಲಿ ಟಿ.ವಿ. ಪರದೆ ಉಬ್ಬಿ ಮುಂದೆ ಬರುವ ದೃಶ್ಯ ಹೇಗೆ ಮಾಡಿದರು ಗೊತ್ತೇ? ಗಾಜಿನ ಜಾಗದಲ್ಲಿ ಹಿಗ್ಗುವ ರಬ್ಬರ್ ಹಾಳೆ ಬಿಗಿದು, ಹಿಂದಿನಿಂದ ಚಿತ್ರದ ಬೆಳಕು ಬಿಟ್ಟು, ಹಿಂದಿನಿಂದಲೇ ಒತ್ತಿದರು. ಬಿಗಿದ ತೊಗಲಿನಂಥ ಹಾಳೆ, ಹಿಂದೆ ದೀಪ, ಹಿಂದೆ ಕೈ. ಇದನ್ನು ತಿಳಿದ ದಿನ ನಾನು ಮೊರನಾಳದ ಕಡೆ ಮುಖ ಮಾಡಿ ನಕ್ಕೆ. ಮೇಕಪ್ಪಿನ ಮುಖ್ಯಸ್ಥ ರಿಕ್ ಬೇಕರ್‌ಗೆ ಒಮ್ಮೆ ಭೀಮವ್ವನವರ ಆಟ ತೋರಿಸಬೇಕಿತ್ತು.

ಪ್ರಶ್ನೆ: ನಿಮ್ಮ ಮಾತು ಕೇಳಿ ಸಿನಿಮಾ ಹುಡುಕಿ ನೋಡಿದೆ. ಅದರಲ್ಲಿ ಟಿ.ವಿ. ಪರದೆಯ ಮೇಲಷ್ಟೇ ಕಾಣಿಸಿಕೊಳ್ಳುವ ಒಬ್ಬ ಪ್ರೊಫೆಸರ್ ಇದ್ದಾರೆ. ಅಂಥವರು ನಿಜವಾಗಿ ಇದ್ದರೇ?
— ಪತ್ರಿಕೋದ್ಯಮ ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಪತ್ರಿಕೋದ್ಯಮ ಓದುವವರು ನನ್ನನ್ನು ಕೇಳಬಾರದು, ನಾನು ನಿಮ್ಮನ್ನು ಕೇಳಬೇಕು. ಆ ಪಾತ್ರದ ಮಾದರಿ ಮಾಧ್ಯಮ ಚಿಂತಕ ಮಾರ್ಷಲ್ ಮ್ಯಾಕ್‌ಲೂಹನ್. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದವರು. ಕ್ರೋನೆನ್‌ಬರ್ಗ್ ಓದಿದ್ದೂ ಅಲ್ಲೇ. 1964ರ ಪುಸ್ತಕದಲ್ಲಿ ಮ್ಯಾಕ್‌ಲೂಹನ್ ಹೇಳಿದ್ದು, ನಾವು ಮಾಡಿಕೊಂಡ ಸಾಧನವೆಲ್ಲ ನಮ್ಮ ಮೈಯ ಮುಂದುವರಿಕೆ ಅಂತ. ಚಕ್ರ ಕಾಲಿನದು, ಬಟ್ಟೆ ಚರ್ಮದ್ದು. ಕ್ರೋನೆನ್‌ಬರ್ಗ್ ಆ ಮಾತನ್ನು ಉಪಮೆ ಅಂತ ತೆಗೆದುಕೊಳ್ಳಲಿಲ್ಲ, ಅಕ್ಷರಶಃ ಹೊಲಿದುಬಿಟ್ಟರು. ಫೋನು ಮನೆಯಲ್ಲಿ ಬಿಟ್ಟು ಬಂದ ದಿನವೂ ನನ್ನ ತೊಡೆಯ ಹತ್ತಿರ ಅದು ನಡುಗಿದಂತಾಗುತ್ತದೆ, ಕೈ ತಾನೇ ಜೇಬಿಗೆ ಹೋಗುತ್ತದೆ. ಮೈಯ ಯಾವ ಭಾಗ ಅದು, ನೀವೇ ಹೇಳಿ.

ಮ್ಯಾಕ್‌ಲೂಹನ್ 1980ರ ಕೊನೆಯ ದಿನ ತೀರಿಕೊಂಡರು. ಸಿನಿಮಾದ ಪ್ರೊಫೆಸರೂ ಕಥೆ ಶುರುವಾಗುವ ಮೊದಲೇ ಸತ್ತಿರುತ್ತಾರೆ. ಸಾವಿರಾರು ಕ್ಯಾಸೆಟ್ಟು ತುಂಬಿಸಿಟ್ಟು ಹೋಗಿದ್ದಾರೆ. ಮಗಳು ಒಂದೊಂದಾಗಿ ಹಾಕಿ ಅಪ್ಪನನ್ನು ಚರ್ಚೆಗೆ ಕೂರಿಸುತ್ತಾಳೆ. ಆಕೆ ನಿರ್ಗತಿಕರಿಗೆ ಒಂದು ಆಶ್ರಮ ನಡೆಸುತ್ತಾಳೆ, ಗವಿಮಠದ ಜಾತ್ರೆಯ ದಾಸೋಹದಲ್ಲಿ ಅನ್ನ ಬಡಿಸಿದ ಹಾಗೆ ಅಲ್ಲಿ ಸಾಲಾಗಿ ಕೂರಿಸಿ ಟಿ.ವಿ. ಬಡಿಸುತ್ತಾರೆ. ನನ್ನ ಗೆಳೆಯನೊಬ್ಬ ತೀರಿಕೊಂಡು ಐದು ವರ್ಷವಾಯಿತು. ಪ್ರತಿ ವರ್ಷ ಅವನಿಗೆ ಹುಟ್ಟುಹಬ್ಬದ ಶುಭಾಶಯ ಹೇಳು ಅಂತ ಫೋನು ನೆನಪು ಮಾಡುತ್ತದೆ. ಹೇಳುತ್ತೇನೆ.

ಪ್ರಶ್ನೆ: ‘ದಿ ಸಬ್‌ಸ್ಟೆನ್ಸ್’ ನೋಡಿದ ಮೇಲೆ ಮೂರು ದಿನ ಕನ್ನಡಿ ನೋಡಲಾಗಲಿಲ್ಲ. ನಾನು ರೀಲ್ಸ್ ಮಾಡುವವಳು. ಫಿಲ್ಟರ್ ಇಲ್ಲದ ಮುಖ ಹಾಕಲು ಈಗ ಅಂಜಿಕೆ. ನನ್ನ ತಲೆ ಕೆಡಿಸಿದ್ದು ಸಿನಿಮಾವೋ ಫೋನೋ?
— ಬಿ.ಕಾಂ. ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ತಂಗೀ, ನೋಡದವರಿಗಾಗಿ ಎರಡು ಸಾಲು. ಫ್ರಾನ್ಸಿನ ಕೊರಾಲಿ ಫಾರ್ಜಾ ಎಂಬ ಹೆಣ್ಣುಮಗಳು 2024ರಲ್ಲಿ ಮಾಡಿದ ಸಿನಿಮಾ. ಟಿ.ವಿ.ಯಲ್ಲಿ ವ್ಯಾಯಾಮ ಹೇಳಿಕೊಡುವ ತಾರೆಗೆ ಐವತ್ತು ತುಂಬಿದ ಕೂಡಲೇ ಕೆಲಸದಿಂದ ತೆಗೆಯುತ್ತಾರೆ. ಆಕೆ ಒಂದು ಕಳ್ಳ ಔಷಧಿ ಚುಚ್ಚಿಕೊಂಡರೆ ಬೆನ್ನು ಸೀಳಿ ಇನ್ನೊಬ್ಬ ಹರೆಯದ ಹುಡುಗಿ ಹೊರಬರುತ್ತಾಳೆ. ಒಬ್ಬಳಿಗೆ ಏಳು ದಿನ, ಇನ್ನೊಬ್ಬಳಿಗೆ ಏಳು ದಿನ. ಚಿಕ್ಕವಳು ಲೆಕ್ಕ ಮುರಿದಷ್ಟೂ ದೊಡ್ಡವಳ ಮೈ ಕೊಳೆಯುತ್ತದೆ. ಮೇಕಪ್ಪಿಗೆ ಆಸ್ಕರ್ ಬಂತು, ಬರಲೇಬೇಕಿತ್ತು.

ನನಗೆ ಅದರಲ್ಲಿ ಮೈ ನಡುಗಿದ್ದು ಬೆನ್ನು ಸೀಳಿದಾಗ ಅಲ್ಲ. ಆ ತಾರೆಯ ಪಾತ್ರದ ಡೆಮಿ ಮೂರ್ ಒಬ್ಬ ಹಳೇ ಪರಿಚಯದವನನ್ನು ಕಾಣಲು ಹೊರಡುತ್ತಾಳಲ್ಲ, ಬಾಗಿಲತನಕ ಹೋಗಿ ಮತ್ತೆ ಕನ್ನಡಿಗೆ ಬರುತ್ತಾಳೆ, ತುಟಿಯ ಬಣ್ಣ ಸರಿ ಮಾಡುತ್ತಾಳೆ, ಮತ್ತೆ ಹೋಗುತ್ತಾಳೆ, ಮತ್ತೆ ಬರುತ್ತಾಳೆ, ಕೊನೆಗೆ ಮುಖವನ್ನು ಚರ್ಮ ಕಿತ್ತು ಬರುವ ಹಾಗೆ ಉಜ್ಜಿಕೊಳ್ಳುತ್ತಾಳೆ. ಹೋಗುವುದೇ ಇಲ್ಲ. ಒಂದು ಹನಿ ರಕ್ತವಿಲ್ಲ ಆ ದೃಶ್ಯದಲ್ಲಿ. ಅಸಹ್ಯ ಬಂದದ್ದು ಮಾತ್ರ ಆಕೆಯ ಟಿ.ವಿ. ಕಾರ್ಯಕ್ರಮದ ನಿರ್ಮಾಪಕ ಬಾಯಿ ತುಂಬ ಸೀಗಡಿ ಜಗಿಯುತ್ತ ಆಕೆಗೆ ವಯಸ್ಸಾಯಿತು ಅಂತ ತಿಳಿಸುವಾಗ. ಕ್ಯಾಮೆರಾ ಅವನ ಬಾಯಿಗೇ ಹೋಗಿ ನಿಲ್ಲುತ್ತದೆ. ನಿರ್ದೇಶಕಿ ಬಹಳ ಜಾಣೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ನನ್ನ ಪಕ್ಕದ ಅಂಗಡಿ ಫೋಟೋ ಸ್ಟುಡಿಯೋ. ವರನ ಕಡೆಗೆ ಕಳಿಸುವ ಫೋಟೋ ಅಂದರೆ ಆತ ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲ್ಲಿನಿಂದ ಮೊಡವೆ, ಸಿಡುಬಿನ ಕಲೆ ಎಲ್ಲ ಮುಚ್ಚುತ್ತಿದ್ದ. ಒಮ್ಮೆ ನೋಡಲು ಬಂದ ಬೀಗರೊಬ್ಬರು ಹುಡುಗಿಯ ಎದುರೇ ‘ಫೋಟೋದಾಗ ಬ್ಯಾರೆ ಇದ್ಲಲ್ಲ’ ಅಂದುಬಿಟ್ಟರು. ಆಕೆ ಮೂರು ವರ್ಷ ಸ್ಟುಡಿಯೋ ಮೆಟ್ಟಿಲು ಹತ್ತಲಿಲ್ಲ. ಫಿಲ್ಟರ್ ಹೊಸದಲ್ಲ ಅಂತ ಹೇಳಲು ಇದನ್ನು ಬರೆದೆ. ಹೊಸದು ಏನೆಂದರೆ ಆಕೆಗೆ ಆ ಮಾತು ಜನ್ಮಕ್ಕೊಮ್ಮೆ ಬಂತು, ನಿಮಗೆ ದಿನಕ್ಕೆ ಹತ್ತು ಸಲ ಬರುತ್ತದೆ, ಅದೂ ನಿಮ್ಮದೇ ಕೈಯಿಂದ. ಸಿನಿಮಾ ನಿಮ್ಮ ಅಂಜಿಕೆಯನ್ನು ಹುಟ್ಟಿಸಲಿಲ್ಲ, ಹೆಸರು ಹಿಡಿದು ಕರೆಯಿತು. ಒಂದು ರೀಲ್ ಫಿಲ್ಟರ್ ಇಲ್ಲದೆ ಹಾಕಿ, ಕೆಳಗೆ ಬಂದ ಮಾತುಗಳನ್ನು ಒಂದು ವಾರ ಓದಬೇಡಿ. ಇದು ಔಷಧಿಯಲ್ಲ, ಪರೀಕ್ಷೆ. ಏನಾಯಿತು ಅಂತ ನನಗೆ ಬರೆಯಿರಿ.

ಪ್ರಶ್ನೆ: 1975ರಲ್ಲಿ ನಾನು ಶಿಕ್ಷಕನಾಗಿದ್ದ ಹಳ್ಳಿ ಶಾಲೆಗೆ ಸರಕಾರ ಉಪಗ್ರಹ ಟಿ.ವಿ. ಕೊಟ್ಟಿತ್ತು. ಬೇಸಾಯ, ಆರೋಗ್ಯ, ಮಕ್ಕಳ ಪಾಠ. ಒಂದೂ ಕೆಟ್ಟ ದೃಶ್ಯವಿಲ್ಲ. ಈಗಿನ ಹಿಂಸೆಯ ಸಿನಿಮಾಗಳನ್ನು ಒಟ್ಟಾರೆ ನಿಷೇಧಿಸಬಾರದೇಕೆ?
— ನಿವೃತ್ತ ಶಿಕ್ಷಕರು, ಮಾನ್ವಿ

ಉತ್ತರ: ಗುರುಗಳೇ, ನೀವು ಪಾಠ ಮಾಡುತ್ತಿದ್ದಾಗ ನಾನು ಅಂಥದ್ದೇ ಇನ್ನೊಂದು ಶಾಲೆಯ ನೆಲದ ಮೇಲೆ ಕೂತಿದ್ದ ಹತ್ತು ವರ್ಷದವನು. ಅಮೆರಿಕದ ಉಪಗ್ರಹ ಒಂದು ವರ್ಷಕ್ಕೆ ಎರವಲು. 1975ರ ಆಗಸ್ಟ್ 1ರಿಂದ ಮರುವರ್ಷದ ಜುಲೈ 31. ಆರು ರಾಜ್ಯಗಳ 2400 ಹಳ್ಳಿಗಳಲ್ಲಿ ನಮ್ಮ ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಯವೂ ಇದ್ದವು. ಬೆಂಗಳೂರಿನವರು ಟಿ.ವಿ. ಕಾಣುವ ಮೊದಲೇ ನಾವು ಕಂಡಿದ್ದೆವು ಅಂದರೆ ಈಗಿನವರು ನಂಬುವುದಿಲ್ಲ. ಮಾಳಿಗೆಯ ಮೇಲೆ ಕೋಳಿ ಪಂಜರದ ಜಾಲರಿಯ ದೊಡ್ಡ ಬುಟ್ಟಿ, ಮುಗಿಲ ಕಡೆ ಮುಖ ಮಾಡಿ. ನಾನು ಮೆಕ್ಯಾನಿಕ್ ಆದದ್ದು ಆ ಬುಟ್ಟಿಯಿಂದ.

ಒಂದೂ ಕೆಟ್ಟ ದೃಶ್ಯವಿರಲಿಲ್ಲ, ಖರೆ. ಆದರೂ ನಮ್ಮಜ್ಜಿ ಮೊದಲ ಸಂಜೆ ಗೊಬ್ಬರದ ಬಗ್ಗೆ ಹೇಳುವ ಗಂಡಸು ಪರದೆಗೆ ಬಂದ ಕೂಡಲೇ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಯಾಕಜ್ಜಿ ಅಂದೆ. ‘ಅಂವ ನನ್ನನ್ನ ನೋಡ್ತಾನಲೇ’ ಅಂದಳು. ನಾವು ಬಿದ್ದು ಬಿದ್ದು ನಕ್ಕೆವು. ಈಗ ನಗಲಾರೆ. ನಾವು ಏನು ನೋಡುತ್ತೇವೆ, ಎಷ್ಟು ಹೊತ್ತು ನೋಡುತ್ತೇವೆ ಎಂದು ಫೋನಿನೊಳಗಿನ ಕಂಪನಿಗಳು ನಿಜಕ್ಕೂ ನೋಡುತ್ತಿವೆ; ಸೆರಗು ಎಳೆದುಕೊಳ್ಳುವವರು ಯಾರೂ ಇಲ್ಲ. ಮೈಯ ಮೇಲೆ ಪರಿಣಾಮ ಆಗಬೇಕಾದರೆ ದೃಶ್ಯ ಕೆಟ್ಟದ್ದೇ ಇರಬೇಕೆಂದಿಲ್ಲ. 1987ರಲ್ಲಿ ರಾಮಾಯಣ ಶುರುವಾದ ಮೇಲೆ ನನ್ನಲ್ಲಿಗೆ ಒಂದು ಸೆಟ್ ರಿಪೇರಿಗೆ ಬಂತು. ಮುಂದಿನ ಪ್ಲಾಸ್ಟಿಕ್ ಅಂಚು ಕರಗಿ ಜೋತುಬಿದ್ದಿತ್ತು. ಪ್ರತಿ ಭಾನುವಾರ ಕರ್ಪೂರದಾರತಿ ಹತ್ತಿರ ಹಿಡಿದದ್ದು. ಕರಗಿದ ಟಿ.ವಿ.ಯನ್ನು ನಾನು ಸಿನಿಮಾಕ್ಕಿಂತ ಮೊದಲು ಕಂಡದ್ದು ಭಕ್ತರ ಮನೆಯದು.

ನಿಷೇಧದ ಮಾತು. 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ವಿಡಿಯೋ ಕ್ಯಾಸೆಟ್ಟಿನ ಮೇಲೆ ಇಂಥದ್ದೇ ಕೂಗೆದ್ದಿತು. ಮಕ್ಕಳು ಹಾಳಾದರು ಅಂತ ಪತ್ರಿಕೆಗಳೆಲ್ಲ ಬರೆದವು, ಅಂಗಡಿಗಳ ಮೇಲೆ ದಾಳಿಯಾಯಿತು, 72 ಸಿನಿಮಾಗಳ ಪಟ್ಟಿಯಾಯಿತು, 1984ರಲ್ಲಿ ಕಾಯ್ದೆ ಬಂತು. ಕ್ರಮೇಣ ಆ ಪಟ್ಟಿಯ ಬಹಳಷ್ಟು ಸಿನಿಮಾಗಳಿಗೆ ಅಲ್ಲಿಯ ಸೆನ್ಸಾರ್ ಮಂಡಳಿಯೇ ಪ್ರಮಾಣಪತ್ರ ಕೊಟ್ಟಿತು. ತಮಾಷೆ ಕೇಳಿ: ಕಾಯ್ದೆಯನ್ನು ಯುರೋಪಿನ ಆಯೋಗಕ್ಕೆ ತಿಳಿಸಬೇಕಿತ್ತು, ತಿಳಿಸುವುದನ್ನೇ ಮರೆತಿದ್ದರು, ಹೀಗಾಗಿ ಅದು ಜಾರಿಗೆ ಬರುವಂತಿರಲಿಲ್ಲ ಎಂದು 2009ರಲ್ಲಿ ಹೊರಬಿತ್ತು! ನಮ್ಮಲ್ಲಿ 1970ರಲ್ಲಿ ಸಿನಿಮಾ ನಿರ್ದೇಶಕ ಕೆ.ಎ. ಅಬ್ಬಾಸರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಿನಿಮಾ ಬೇರೆ ಕಲೆಗಳಿಗಿಂತ ಹೆಚ್ಚು ಭಾವನೆ ಕೆರಳಿಸುತ್ತದೆ, ಮೊದಲೇ ಪರೀಕ್ಷಿಸುವುದು ಸರಿ ಅಂದಿತು. ಸಿನಿಮಾ ಕಾಯ್ದೆಯ 2023ರ ತಿದ್ದುಪಡಿಯಲ್ಲಿ, ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದಾದ ಯು/ಎ ದರ್ಜೆಯನ್ನು ಏಳು, ಹದಿಮೂರು, ಹದಿನಾರು ವರ್ಷ ಅಂತ ಮೂರು ಮಾಡಿದ್ದಾರೆ. ಇದು ನನಗೆ ಒಪ್ಪಿಗೆ. ಎಲ್ಲರಿಗೂ ಬೇಡ ಅನ್ನುವುದು ಒಪ್ಪಿಗೆಯಿಲ್ಲ. ಹತ್ತು ವರ್ಷದವನನ್ನು ಚಾಪೆಯ ಮೇಲೆ ಕೂರಿಸಿದ್ದು ನನ್ನ ತಪ್ಪು, ಸಿನಿಮಾ ಮಾಡಿದವನದಲ್ಲ. ಆ ಮಲೇರಿಯಾದ ನಂತರ ನಾನು ಬಾಗಿಲಿಗೆ ‘ಹದಿನೆಂಟು ದಾಟಿದವರಿಗೆ ಮಾತ್ರ’ ಅಂತ ಪಾಟಿ ತೂಗುಹಾಕಿದೆ. ಮರುದಿನ ಗಿರಾಕಿ ದುಪ್ಪಟ್ಟು. ಒಬ್ಬನಂತೂ ಅಕ್ಕನ ಕಾಡಿಗೆಯಿಂದ ಮೀಸೆ ಬರೆದುಕೊಂಡು ಬಂದಿದ್ದ. ರಾಯಚೂರಿನ ಸೆಕೆಗೆ ಅರ್ಧ ಮೀಸೆ ಗದ್ದಕ್ಕೆ ಇಳಿದಿತ್ತು. ಅಲ್ಲೇ ಸಿಕ್ಕಿಬಿದ್ದ.

ಪ್ರಶ್ನೆ: ಅಪ್ಪ-ಅವ್ವನ ಮದುವೆಯ ವಿ.ಎಚ್.ಎಸ್. ಕ್ಯಾಸೆಟ್ ಟ್ರಂಕಿನಲ್ಲಿ ಸಿಕ್ಕಿದೆ, 1992ರದ್ದು. ಒಳಗೆ ಬಿಳಿ ಬಿಳಿ ಏನೋ ಬೆಳೆದಿದೆ. ನಮ್ಮ ಅಮ್ಮಮ್ಮನ ಓಡಾಡುವ ಚಿತ್ರ ಅದರಲ್ಲಿ ಮಾತ್ರ ಇದೆ. ಹಳೇ ಪ್ಲೇಯರ್ ಒಂದು ಸಿಕ್ಕಿದೆ, ಹಾಕಿ ನೋಡಲೇ?
— ಓದುಗಳು, ಲಿಂಗಸುಗೂರು

ಉತ್ತರ: ಹಾಕಬೇಡಿ. ಅದು ಬೂಷ್ಟು. ಪ್ಲೇಯರಿನೊಳಗೆ ಟೇಪಿನಿಂದ ಚಿತ್ರ ಓದುವ ಹೆಡ್ ಡ್ರಮ್ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಬೂಷ್ಟು ಅದಕ್ಕೆ ಮೆತ್ತಿ, ಟೇಪನ್ನು ಗೀರಿ, ಆಮೇಲೆ ನೀವು ಹಾಕುವ ಪ್ರತಿ ಕ್ಯಾಸೆಟ್ಟಿಗೂ ಹತ್ತುತ್ತದೆ. ಸ್ಪಿರಿಟ್, ನೀರು, ಹೇರ್ ಡ್ರೈಯರ್ ಯಾವುದೂ ಬೇಡ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಊದಲೂ ಬೇಡಿ. ಕ್ಯಾಸೆಟ್ಟಿನ ಹಿಂಬದಿಗೆ ಐದು ತಿರುಪು ಇರುತ್ತವೆ. ಬಿಚ್ಚಿ, ಎರಡೂ ಸುರುಳಿ ಎತ್ತಿ, ಮೆತ್ತನೆ ಬಟ್ಟೆಯ ನಡುವೆ ಹಾಯಿಸಿ ಕೈಯಿಂದಲೇ ಸುತ್ತಿ, ಬೇರೆ ಶುಭ್ರವಾದ ಕವಚಕ್ಕೆ ಕೂರಿಸಬೇಕು. ಮೂರು ಗಂಟೆಯ ಟೇಪಿಗೆ ನನಗೆ ಒಂದು ಮಧ್ಯಾಹ್ನ ಹಿಡಿಯುತ್ತದೆ. ಬೂಷ್ಟಿನವಕ್ಕೆಂದೇ ಒಂದು ಪ್ಲೇಯರ್ ಬೇರೆ ಇಟ್ಟಿದ್ದೇನೆ. ಒಮ್ಮೆ ಓಡಿದರೆ ಸಾಕು, ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆ. ಅಮ್ಮಮ್ಮ ಯಾವ ಹೊತ್ತಿಗೆ ಬರುತ್ತಾರೆ, ಅಕ್ಕಿಕಾಳಿಗೆ ಮೊದಲೋ ಆಮೇಲೋ ಅಂತ ಮನೆಯವರನ್ನು ಕೇಳಿ ಬರೆದುಕೊಂಡಿರಿ. ಆ ಭಾಗವನ್ನು ಮೊದಲು ತೆಗೆಯೋಣ. ಪತ್ರಿಕೆಯ ಕಚೇರಿಗೆ ತಿಳಿಸಿ, ಯಾವ ದಿನ ಅಂತ ಹೇಳಿ ಕಳಿಸುತ್ತೇನೆ. ತರುವಾಗ ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ ತನ್ನಿ. ಪ್ಲಾಸ್ಟಿಕ್ ಚೀಲ ಬೇಡ, ಬೆವರುತ್ತದೆ.